ಯಾರೂ ಕೇಳದ ಬಡಿತ

"ಅದೊಂದ ಬುಟ್ಬುಡಣ್ಣೋ. ಇನ್ನೇನ್ ಬೇಕಾದ್ರೂ ರೆಕಾರ್ಡ್ ಮಾಡ್ಕೊ. ಕಲ್ ಒಡ್ಯೋದ್ ಮಾಡ್ಕೊ, ಹಂದಿ ಕುಯ್ಯೋದ್ ಮಾಡ್ಕೊ, ನಾನೇ ಮೈಕ್ ಇಡ್ಕತೀನಿ. ಅದೊಂದ್ ಬ್ಯಾಡ."

ಹೇಳುತ್ತ ಮಹಾಲಿಂಗ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಕೆಳಗಿಟ್ಟ. ರಘುನಾಥ ನಕ್ಕ.

"ನಿಮ್ಮ ಮಾವ ತಮಟೆ ಬಡೀತಾರೆ, ಕೇಳಿದವರು ಸಾಯ್ತಾರೆ. ಸರಿ. ಹಾಗಾದ್ರೆ ಬಡಿಯೋ ನಿಮ್ಮ ಮಾವ ಯಾಕಯ್ಯಾ ಇನ್ನೂ ಗಟ್ಟಿಮುಟ್ಟಾಗಿದ್ದಾರೆ?"

"ಅವ್ನೂ ಕೇಳಿಲ್ಲ ಕಣಣ್ಣ. ಕಿವಿಗೆ ಮೇಣ ತುಂಬ್ಕತನೆ, ಹರಳೆಣ್ಣೆ ಬತ್ತಿ ಇಟ್ಕತನೆ, ಮೇಲೆ ಬಟ್ಟೆ ಬಿಗೀತನೆ. ನಮ್ ತಾತನೂ ಕೇಳಿಲ್ಲ, ಅವರಪ್ಪನೂ ಕೇಳಿಲ್ಲ. ಅದ್ನ ಯಾರೂ ಕೇಳಿಲ್ಲ."

ಎಚ್ಚರಿಕೆಯ ಮಾತೇ ಆಸೆಯ ಮಾತಾಗಿಬಿಟ್ಟಿತು. ಯಾರೂ ಕೇಳದ ಬಡಿತ! ಬಡಿದವನೂ ಕೇಳದ ಬಡಿತ! ರಘುನಾಥನ ಬೆನ್ನುಹುರಿಯಲ್ಲಿ ಏನೋ ಸುಳಿದು ಹೋಯಿತು. ಅದು ಭಯವಲ್ಲ, ಅಂದಿಗಂತೂ ಅಲ್ಲ.

ತೊಂಬತ್ತಾರರ ಬೇಸಿಗೆ ಅದು. ರಘುನಾಥ ಮೈಸೂರಿನಿಂದ ಗುಂಡ್ಲುಪೇಟೆಯ ಟೆಲಿಫೋನ್ ಎಕ್ಸ್‌ಚೇಂಜಿಗೆ ವರ್ಗವಾಗಿ ಬಂದು ವರ್ಷ ತುಂಬಿರಲಿಲ್ಲ. ಹೆಂಡತಿ ಭವ್ಯ ಚಾಮರಾಜನಗರದವಳು. ಮೈಸೂರಿನ ಓದುಬಳಗವೊಂದರಲ್ಲಿ ಜಗಳವಾಡುತ್ತ ಪರಿಚಯವಾಗಿ, ಜಗಳ ಮುಗಿಯದ್ದರಿಂದ ಮದುವೆಯಾದವರು ಅವರು. ಬಸ್ ಸ್ಟ್ಯಾಂಡಿನ ಹಿಂದೆ ಮಹಾಲಿಂಗನ ಕ್ಯಾಸೆಟ್ ಅಂಗಡಿಯಿತ್ತು. ಮುಂಭಾಗದಲ್ಲಿ ಭಕ್ತಿಗೀತೆ, ಸಿನಿಮಾ ಹಾಡು. ಹಿಂದೆ ಕಿಟಕಿಯಿಲ್ಲದ ಒಂದು ಕೋಣೆ, ಗೋಡೆಗೆಲ್ಲ ಗೋಣಿತಾಟು ಮತ್ತು ಮೊಟ್ಟೆಯ ಟ್ರೇ. ಬಾಗಿಲು ಎಳೆದರೆ ಹಗಲಲ್ಲೂ ಬಾವಿಯೊಳಗಿನ ಕತ್ತಲೆ. ಸಂಜೆ ಮೂವರೂ ಅಲ್ಲಿ ಸೇರುತ್ತಿದ್ದರು.

ಊಟಿಗೆ ಹೋಗುತ್ತಿದ್ದ ಪರದೇಶದ ಹುಡುಗನೊಬ್ಬ ರಿಪೇರಿಗೆಂದು ಕೊಟ್ಟ ವಾಕ್‌ಮನ್ನಿನ ಜೊತೆ ಒಂದು ಕ್ಯಾಸೆಟ್ ಬಿಟ್ಟುಹೋಗಿದ್ದ. ಹೆಸರಿಲ್ಲ, ಚಿತ್ರವಿಲ್ಲ. ಯಾವುದೋ ಊರಿನ ಯಾವುದೋ ನೆಲಮಾಳಿಗೆಯಲ್ಲಿ, ಯಾವುದೋ ಹರಕು ಮೈಕಿನಲ್ಲಿ, ಹದಿನೈದಿಪ್ಪತ್ತು ವರ್ಷದ ಹಿಂದೆ ಹಿಡಿದ ಗದ್ದಲ ಅದು. ಗಿಟಾರೋ, ಕಲ್ಲುಹಾಸಿನ ಮೇಲೆ ಎಳೆದ ತಗಡೋ ತಿಳಿಯದು. ನಡುವೆ ಒಬ್ಬ ಕಿರುಚುತ್ತಾನೆ, ಕಿರುಚಿ ಕಿರುಚಿ ಕೆಮ್ಮುತ್ತಾನೆ, ಆ ಕೆಮ್ಮನ್ನೂ ತೆಗೆದುಹಾಕಿಲ್ಲ. ಎಲ್ಲದರ ಮೇಲೆ ಹೆಂಚಿಗೆ ಬಿದ್ದ ನೀರಿನಂತೆ ಟೇಪಿನ ಚುಸ್ಸೆನ್ನುವ ಸದ್ದು. ಮಹಾಲಿಂಗ ಮೊದಲ ಸಲ ಕೇಳಿ, "ಮಿಷನ್ ಕೆಟ್ಟೋಗದಾ?" ಎಂದು ಪ್ಲೇಯರಿನ ಹೆಡ್ ಉಜ್ಜಿದ್ದ. ಎರಡನೆಯ ಸಲ ಸುಮ್ಮನೆ ಕೂತ. ಮೂರನೆಯ ಸಲ, "ಅಣ್ಣ, ಇವ್ರು ಯಾರ್ನೂ ಮೆಚ್ಚುಸ್ತಾ ಇಲ್ಲ ಕಣಣ್ಣ" ಅಂದ.

ಅದೇ ಅದರ ಸೆಳೆತ. ಸಕ್ಕರೆಪಾಕದ ಹಾಡುಗಳ ನಡುವೆ ಬೆಳೆದ ಮೂವರಿಗೂ ಮೊದಲ ಬಾರಿಗೆ ನಾಲಗೆಗೆ ಉಪ್ಪು ತಾಗಿದಂತಾಗಿತ್ತು. ಸಿಟ್ಟನ್ನು ತೊಳೆದು, ಬಾಚಿ, ಹೂ ಮುಡಿಸಿ ವೇದಿಕೆಗೆ ತರಬೇಕಿಲ್ಲ. ಹಸಿಹಸಿಯಾಗಿ ಹಾಗೇ ಎಸೆಯಬಹುದು! ಅವರು 'ಕರಿಕಲ್ಲು' ಎಂದು ಹೆಸರಿಟ್ಟುಕೊಂಡು ತಾವೂ ಶುರುಮಾಡಿದರು. ಚಾಮರಾಜನಗರದ ಕ್ವಾರಿಯಲ್ಲಿ ಕಲ್ಲು ಸೀಳುವ ಸದ್ದು, ಆಲೆಮನೆಯ ಗಾಣದ ಕಿರಗುಟ್ಟು, ಟೆಲಿಫೋನ್ ತಂತಿಯ ಗುಂಯ್. ಅದರ ಮೇಲೆ ಭವ್ಯ, ಕೇರಿಗಳಿಗೆ ಬೆಂಕಿಯಿಟ್ಟ ಸುದ್ದಿಗಳನ್ನು ಪೇಪರಿನಿಂದ ಓದುತ್ತ, ಓದು ಅರಚಾಟವಾಗಿ, ಅರಚಾಟ ಬಟ್ಟೆ ಹರಿದ ಸದ್ದಾಗುವವರೆಗೆ ಕೂಗುತ್ತಿದ್ದಳು. ಮಾರಾಟವಾಗದ ಭಕ್ತಿಗೀತೆಯ ಕ್ಯಾಸೆಟ್ಟುಗಳ ಮೂಲೆಯ ತೂತಿಗೆ, ಮತ್ತೆ ರೆಕಾರ್ಡ್ ಆಗುವಂತೆ, ಅಂಟುಪಟ್ಟಿ ಹಚ್ಚಿ, ದೇವರನ್ನು ಅಳಿಸಿ, ಇದನ್ನು ತುಂಬುತ್ತಿದ್ದರು. ಮೈಸೂರಿನ ಹಾಸ್ಟೆಲುಗಳಲ್ಲಿ ಅದು ಕೈಯಿಂದ ಕೈಗೆ ಹೋಗುತ್ತಿತ್ತು.

ಮಹಾಲಿಂಗನ ಸೋದರಮಾವ ಮಾದಣ್ಣನದು ಹರವೆಯ ಆಚೆ ಕಲ್ಲುಬೇಲಿಹುಂಡಿಯ ಕೇರಿ. ಆ ಊರಿನ ಮೇಲ್ಬೀದಿಗೆ ರೋಗ ಬಿದ್ದರೆ ಅದನ್ನು ಊರಾಚೆ ಸಾಗಹಾಕಲು 'ಸಾಗಾಕೋ ಶಾಸ್ತ್ರ' ಮಾಡುತ್ತಿದ್ದರು. ಮಂತ್ರಗಾರ ಗುರುಸಿದ್ದಯ್ಯ ಮನೆಮನೆಯ ಕೂದಲು, ಉಗುರು ತೆಗೆದು, ಕಟ್ಟಿ, ಹೊಸ ತಮಟೆಯ ಚರ್ಮದ ಒಳಮೈಗೆ ಹೊಲಿಯುತ್ತಿದ್ದ. ಮಟಮಟ ಮಧ್ಯಾಹ್ನ ಬೀದಿಯವರೆಲ್ಲ ಕಿವಿಗೆ ಅರಳೆ ತುರುಕಿ ಬಾಗಿಲು ಮುಚ್ಚಿಕೊಳ್ಳುವರು. ಮಾದಣ್ಣ ಒಬ್ಬನೇ ಆ ತಮಟೆ ಬಡಿಯುತ್ತ ಬೀದಿ ದಾಟಿ, ಹೊಲ ದಾಟಿ, ಗಡಿಕಲ್ಲಿನಾಚೆ ಹೋಗಿ ಚರ್ಮ ಸೀಳಿ ಎಸೆಯಬೇಕು. ರೋಗ ಬಡಿತದ ಒಳಗೆ ಕೂತು ಹೋಗುತ್ತದೆ. ಮೊದಲಿನಿಂದ ಕೊನೆಯವರೆಗೆ ಯಾರು ಕೇಳುತ್ತಾರೋ ಅವರೊಳಕ್ಕೆ ಇಳಿಯುತ್ತದೆ. ಆ ಬೇಸಿಗೆ ಮೇಲ್ಬೀದಿಯಲ್ಲಿ ಗಂಟಲುಬೇನೆ ಎದ್ದಿತ್ತು.

"ಅಂದ್ರೆ ಅವರ ಗಂಟಲುಬೇನೆ ಹೊರೋಕೆ ನಿಮ್ಮ ಮಾವನ ತಲೆ," ಎಂದು ಭವ್ಯ ಸಿಡಿದಳು. "ಇದು ಮಾಟ ಅಲ್ಲ ಮಾಲಿಂಗ, ಇದು ಜೀತ. ಆ ಬಡಿತಾನ ಹಿಡಿದು ಜಗತ್ತಿಗೆಲ್ಲ ಕೇಳಿಸ್ಬೇಕು. ಏನೂ ಆಗಲಿಲ್ಲ ಅಂತ ಗೊತ್ತಾದ ದಿನ ಆ ಗುರುಸಿದ್ದಯ್ಯನ ಅಂಗಡಿ ಬಂದ್."

"ನೋಡಕ್ ಬೇಕಾರೆ ಕರ್ಕೊಂಡ್ ಓಯ್ತೀನಿ," ಅಂದ ಮಹಾಲಿಂಗ. "ಕಿವಿ ಮುಚ್ಕಂಡ್ ನೋಡೋದು. ಟೇಪು ಗೀಪು ಇಲ್ಲ. ಆಣೆ ಮಾಡಣ್ಣ."

ಆಣೆಯಲ್ಲಿ ನಂಬಿಕೆಯಿಲ್ಲದ ರಘುನಾಥ ಸಲೀಸಾಗಿ ಆಣೆ ಮಾಡಿದ.

ಮಹಾಲಿಂಗನೂ ರಘುನಾಥನೂ ಹೋದ ದಿನ ಗಾಳಿ ಇರಲಿಲ್ಲ. ಬೀದಿಯಲ್ಲಿ ನಾಯಿ ಇರಲಿಲ್ಲ, ಕೋಳಿ ಇರಲಿಲ್ಲ. ಸುಟ್ಟ ಬೇವು, ಹಸಿ ಚರ್ಮ, ಹರಳೆಣ್ಣೆ, ಈ ಮೂರರ ವಾಸನೆ ಬಿಸಿಲಿನಲ್ಲಿ ಕುದಿಯುತ್ತಿತ್ತು. ಮುಚ್ಚಿದ ಬಾಗಿಲುಗಳ ನಡುವೆ ಮಾದಣ್ಣ ಬಂದ. ಒಣಗಿದ ಮೈ, ತಲೆಗೆ ಬಿಗಿದ ಬಿಳಿ ಬಟ್ಟೆ, ಮುಚ್ಚಿದ ತುಟಿ. ಅವನ ತೋಳು ಏಳುವುದು ಬೀಳುವುದು ಕಾಣುತ್ತಿತ್ತು, ಸದ್ದಿಲ್ಲ. ಮಹಾಲಿಂಗ ಗೋಡೆಗೆ ಮುಖ ಹಚ್ಚಿ ನಿಂತಿದ್ದ. ರಘುನಾಥನ ಕಿವಿಯಲ್ಲೂ ಮೇಣವಿತ್ತು, ಆದರೆ ಹೆಗಲ ಚೀಲದೊಳಗೆ ರೆಕಾರ್ಡರಿನ ಕೆಂಪು ದೀಪ ಉರಿಯುತ್ತಿತ್ತು. ಅವನು ಮಾದಣ್ಣನ ಹಿಂದೆಯೇ ಗಡಿಕಲ್ಲಿನವರೆಗೂ ನಡೆದ. ಮಾದಣ್ಣ ಕಲ್ಲು ದಾಟಿದ, ಚಾಕು ತೆಗೆದ, ಚರ್ಮ ಸೀಳಿದ. ಸೀಳಿನಿಂದ ಕೂದಲ ಉಂಡೆಯೊಂದು ಉದುರಿತು. ಬೆಂಕಿಗೆ ಬಿದ್ದ ಹುಳದಂತೆ ಅದು ಮುರುಟಿಕೊಂಡಿತು. ಬಿಸಿಲಿಗೆ ಇರಬೇಕು, ಎಂದುಕೊಂಡ ರಘುನಾಥ.

ಮೇಣ ತೆಗೆದ ಮೇಲೆ ಮಾದಣ್ಣನಿಗೆ ಬೀಡಿ ಕೊಟ್ಟು, ಕೇಳದೆ ಇರಲಾಗದೆ ಕೇಳಿದ: "ಅವರ ರೋಗ ನಿಮ್ಮ ತಲೆ ಮೇಲೆ ಯಾಕೆ ಹೊರ್ತೀರಾ?"

ಮಾದಣ್ಣ ಹೊಗೆ ಬಿಟ್ಟು ಅವನನ್ನು ನೋಡಿದ. "ಇನ್ಯಾರ್ ತಲೆ ಮೇಲೆ ಆಕನ ಸ್ವಾಮಿ?"

ಆ ಪ್ರಶ್ನೆಗೆ ಉತ್ತರ ಕಟ್ಟುತ್ತಲೇ ರಘುನಾಥ ಗುಂಡ್ಲುಪೇಟೆಗೆ ಮರಳಿದ. ಗಡಿ ದಾಟಿಸಿ ಕಳಿಸಿದ್ದನ್ನು ಅವನು ಚೀಲದಲ್ಲಿ ಹಾಕಿಕೊಂಡು ವಾಪಸ್ ತಂದಿದ್ದ.

ಮಾರನೆಯ ಮಧ್ಯಾಹ್ನ ಹಿಂದಿನ ಕೋಣೆಯಲ್ಲಿ ಅವನು ಕ್ಯಾಸೆಟ್ ಹೊರತೆಗೆದಾಗ ಮಹಾಲಿಂಗನ ಮುಖ ಬೂದಿಯಾಯಿತು. ಅಂಗಡಿ ಬಿಟ್ಟು, ಚಪ್ಪಲಿ ಬಿಟ್ಟು, ಬಸ್ ಸ್ಟ್ಯಾಂಡಿನ ಕಡೆ ಓಡಿದ.

"ಪಾಪ," ಅಂದಳು ಭವ್ಯ. "ಹೆಡ್‌ಫೋನ್ ಕೊಡು. ನಾನು ಮೊದಲು."

ಒಂದೇ ಹೆಡ್‌ಫೋನ್ ಇತ್ತು. ಅವಳು ಕಿವಿಗೇರಿಸಿಕೊಂಡು ಕಣ್ಣು ಮುಚ್ಚಿದಳು. ಬಾಗಿಲು ಎಳೆದ ಕತ್ತಲೆಯಲ್ಲಿ ಡೆಕ್ಕಿನ ಹಸಿರು ದೀಪ ಅವಳ ಗಲ್ಲದ ಮೇಲೆ ಬೀಳುತ್ತಿತ್ತು. ಮೊದಲು ನಕ್ಕಳು. "ರಘು, ಏನೋ ಇದು! ಆ ಫಾರಿನ್ ಟೇಪಿನವರೆಲ್ಲ ಇದರ ಮುಂದೆ ಮಕ್ಕಳು!" ಆಮೇಲೆ ನಗು ಉಳಿಯಿತು, ನಗುವವಳು ಇರಲಿಲ್ಲ. ಅವಳ ಕಾಲು ನೆಲಕ್ಕೆ ಬಡಿಯತೊಡಗಿತು. ಎರಡು ಹತ್ತಿರ, ಒಂದು ದೂರ. ಮತ್ತೆ ಎರಡು. ನಡುವೆ ಉಸಿರು ಕಟ್ಟುವಂಥ ಖಾಲಿ. ಎಲ್ಲಿಂದಲೋ ಸುಟ್ಟ ಬೇವಿನ ವಾಸನೆ. ಗೋಣಿತಾಟಿನದಿರಬೇಕು. ಟೇಪು ಮುಗಿಯಿತು. ಡೆಕ್ಕಿನ ಗುಂಡಿ ಟಕ್ಕೆಂದು ಮೇಲೆದ್ದಿತು.

ಕಾಲು ನಿಲ್ಲಲಿಲ್ಲ.

"ಭವ್ಯ, ಸಾಕು. ನನಗೆ ಕೊಡು."

ಅವಳು ಕಣ್ಣು ತೆರೆದಳು. "ನಾನಲ್ಲ ರಘು," ಎಂದಳು. "ನಾನಲ್ಲ ಅದು."

ಆ ರಾತ್ರಿಗೇ ಜ್ವರ. ಬೆಳಗಾಗುವಷ್ಟರಲ್ಲಿ ಗಂಟಲು ಕಟ್ಟಿತು. ಕೇರಿಕೇರಿಯ ಬೆಂಕಿಯನ್ನು ಕೂಗುತ್ತಿದ್ದ ಗಂಟಲು ಈಗ ಒಂದು ಗುಟುಕು ನೀರಿಗೂ ಬಾಗಿಲು ತೆರೆಯದು. ಗುಂಡ್ಲುಪೇಟೆಯ ಡಾಕ್ಟರು ಟಾರ್ಚ್ ಬಿಟ್ಟು ನೋಡಿ, ಕೆಂಪೂ ಇಲ್ಲ, ಬಾವೂ ಇಲ್ಲ ಎಂದರು. ಮೈಸೂರಿನವರು ಎಕ್ಸ್‌ರೇ ತೆಗೆದು, ಮನಸ್ಸಿನದು ಎಂದರು. ಆದರೆ ಬೆರಳು? ಬೆರಳು ನಿಲ್ಲುತ್ತಿರಲಿಲ್ಲ. ಮಂಚದ ಪಟ್ಟಿ, ಗೋಡೆ, ಊಟದ ತಟ್ಟೆ, ರಘುನಾಥನ ಬೆನ್ನು, ಸಿಕ್ಕಿದ್ದರ ಮೇಲೆಲ್ಲ ಅದೇ. ಎರಡು ಹತ್ತಿರ, ಒಂದು ದೂರ. ತುದಿಗಳ ಚರ್ಮ ಸುಲಿದು ಗೋಡೆಯ ಸುಣ್ಣದ ಮೇಲೆ ಕೆಂಪು ಚುಕ್ಕೆ ಬಿದ್ದವು. ಪಕ್ಕದ ಮನೆಯ ಶಿವರುದ್ರಮ್ಮ ಗಂಜಿ ತಂದವಳು ಹೊಸ್ತಿಲಲ್ಲೇ ನಿಂತು ಮೂಗು ಅರಳಿಸಿದಳು. "ಚರ್ಮ ಸುಟ್ಟ ವಾಸ್ನೆ ಕಣಪ್ಪಾ," ಎಂದಳು. ಗಂಜಿ ಚೆಲ್ಲಿ ಹೋದಳು. ಸಂಜೆಯೊಳಗೆ ಅವಳ ಮನೆಗೆ ಬೀಗ.

ರಘುನಾಥ ಕ್ಯಾಸೆಟ್ ಒಡೆದ. ಕಂದು ಪಟ್ಟಿಯನ್ನು ಕರುಳಿನಂತೆ ಎಳೆದೆಳೆದು ಬಚ್ಚಲ ಒಲೆಗೆ ಹಾಕಿದ. ಪ್ಲಾಸ್ಟಿಕ್ಕಿನ ನಾತ ಬರಬೇಕಿತ್ತು. ಕೂದಲಿನ ನಾತ ಬಂತು.

ಒಳಗೆ ಬಡಿತ ಜೋರಾಯಿತು.

ಕೈ ಕಟ್ಟಿದ. ಹಿಮ್ಮಡಿ ಬಡಿಯಿತು. ಹಿಮ್ಮಡಿ ಕಟ್ಟಿದ. ತಲೆ ದಿಂಬಿಗೆ ಬಡಿಯಿತು. ತಲೆ ಹಿಡಿದ. ಆಗ ಹಲ್ಲು ಶುರುವಾಯಿತು. ಕಟಕಟ. ಕಟ್. ಕಟಕಟ. ಕಟ್. ಮುಚ್ಚಿದ ತುಟಿಯೊಳಗೆ ಹಲ್ಲಿನ ತಮಟೆ! ಅವಳ ಕಣ್ಣುಗಳು ಮಾತ್ರ ಅವನನ್ನು ನೋಡುತ್ತಿದ್ದವು, ಮುಳುಗುವವರ ಕಣ್ಣು. ಅವನು ಪೂರ್ತಿ ಕೇಳುವಂತಿಲ್ಲ. ಕೇಳಿದರೆ ಅವನಿಗೂ ಇಳಿಯುತ್ತದೆ. ಹಿಂದೆ ಯಾವುದನ್ನೂ ನಂಬದವನು ಈಗ ಬಡಿತ ಅರ್ಧಕ್ಕೆ ಬಂದಾಗಲೆಲ್ಲ ಹೆಂಡತಿಯನ್ನು ಬಿಟ್ಟು ಹಿತ್ತಿಲಿಗೆ ಓಡುತ್ತಿದ್ದ. ಕಿವಿ ಮುಚ್ಚಿ, ಬಾಯಲ್ಲಿ ಏನೇನೋ ಗಟ್ಟಿಯಾಗಿ ಹಾಡುತ್ತಿದ್ದ. ಚಿಕ್ಕಂದಿನ ಸಿನಿಮಾ ಹಾಡು. ಅಳಿಸಿಹಾಕಿದ್ದ ಭಕ್ತಿಗೀತೆ. ಯಾವುದಾದರೂ ಸರಿ, ಸಿಹಿಯಾದದ್ದು.

ಅವಳು ಸಾಯುತ್ತಾಳೆ ಎಂದು ತಿಳಿದ ಬೆಳಿಗ್ಗೆ ಅವನು ಕಲ್ಲುಬೇಲಿಹುಂಡಿಯ ಬಸ್ ಹತ್ತಿದ.

ಮಾದಣ್ಣ ಗುಡಿಸಲ ಮುಂದೆ ಹಗ್ಗ ಹೊಸೆಯುತ್ತಿದ್ದ. ಮಹಾಲಿಂಗ ಅಲ್ಲೇ ಇದ್ದ. ರಘುನಾಥ ಬಂದವನೇ ಮಾದಣ್ಣನ ಕಾಲಿನ ಮೇಲೆ ಬಿದ್ದ. ಧೂಳಿನಲ್ಲಿ ಮುಖವಿಟ್ಟು ಎಲ್ಲ ಹೇಳಿದ.

ಮಾದಣ್ಣ ಹಗ್ಗ ಹೊಸೆಯುವುದನ್ನು ನಿಲ್ಲಿಸಲಿಲ್ಲ.

"ಏಳಿ ಸ್ವಾಮಿ. ಅವ್ರೂ ಇಂಗೇ ಬೀಳ್ತರೆ," ಅಂದ ಮಾದಣ್ಣ. "ರೋಗ ಬಂದಾಗ ಮೇಲ್ಬೀದಿ ಗೌಡ್ರೂ ಇಂಗೇ ಬಂದು ಕಾಲಿಗ್ ಬೀಳ್ತರೆ. ರೋಗ ಓದ್ ಮೇಲೆ ಅದೇ ಬೀದೀಲಿ ನಮ್ನ ಮೆಟ್ ಆಕ್ಕೊಂಡ್ ನಡ್ಯಕ್ ಬುಡಕಿಲ್ಲ."

"ತೆಗೀಬಹುದಾ ಮಾದಣ್ಣ? ಅಷ್ಟು ಹೇಳಿ. ತೆಗೀಬಹುದಾ?"

"ಒಂದ್ಸಲ ಗಡಿ ದಾಟಿದ್ನ ವಾಪಸ್ ತಂದೀರಿ. ಈಗ ಕಿವಿ ಮುಚ್ಕಂಡೋನ್ ಕೂಟೆ ಅದು ಬರಕಿಲ್ಲ. ಕಿವಿ ತೆರ್ಕಂಡು ಆ ತಾಯಿ ಪಕ್ಕ ಕುಂತು, ಮೊದ್ಲಿಂದ ಕಡೇಗಂಟ ಕೇಳ್ಬೇಕು. ಕೇಳ್ದೋನು ಎತ್ಕಂಡ್ ಓಗ್ಬೇಕು. ಗುಂಡ್ಲುಪೇಟೆ ಆಚೆ ಮದ್ದೂರ್ ಕಾಡ್ ದಾಟಿ, ಕೇರಳದ್ ಗಡಿ ಆಚೆ."

"ಎತ್ಕೊಂಡು ಹೋದವನು?"

ಮಾದಣ್ಣ ಅವನನ್ನೇ ನೋಡಿದ. ಹಗ್ಗಕ್ಕೆ ಇನ್ನೊಂದು ಎಳೆ ಸೇರಿಸಿದ.

"ಬ್ಯಾಡ ಮಾವ!" ಮಹಾಲಿಂಗ ಎದ್ದುನಿಂತಿದ್ದ. ರಘುನಾಥನ ಕಡೆ ಬೆರಳು ಚಾಚಿದ. "ತಂದೋನು ಅವ್ನು. ಅವ್ನೇ ಕುಂತು ಕೇಳ್ಲಿ. ಅವ್ನೆಡ್ತಿ ತಾನೆ? ಕೇಳು ರಘಣ್ಣ, ನೀನೇ ಕೇಳು! ಯಾರೂ ಕೇಳಿಲ್ಲ ಅಂತ ನೆಗೆದಾಡ್ತಿದ್ದಲ್ಲ, ಓಗ್ ಕೇಳು!"

ಉತ್ತರ ಕೊಡಲು ರಘುನಾಥ ಬಾಯಿ ತೆರೆದ. ನಾನೇ ಕೇಳುತ್ತೇನೆ ಎಂಬ ಮಾತು ನಾಲಗೆಯ ತುದಿಯವರೆಗೂ ಬಂತು. ಅಲ್ಲಿ ನಿಂತಿತು. ಓದುಬಳಗದಲ್ಲಿ ಮೇಜು ಗುದ್ದಿ ಆಡಿದ ಸಾವಿರ ಮಾತುಗಳೂ ಅದನ್ನು ಮುಂದೆ ನೂಕಲಿಲ್ಲ. ಅವನು ತಲೆ ತಗ್ಗಿಸಿದ. ನಂತರ, ನೆಲ ನೋಡುತ್ತಲೇ, "ನನಗೆ ಹೊರೋಕೆ ಬರಲ್ಲ ಮಾದಣ್ಣ. ನಿಮಗೆ ಅಭ್ಯಾಸ ಇದೆ," ಎಂದ.

ಹೇಳಿದ ಮೇಲೆ ಅವನಿಗೇ ಆ ದನಿ ಯಾರದೆಂದು ತಿಳಿಯಲಿಲ್ಲ.

ಮಹಾಲಿಂಗ ಉಗುಳಿದ. ಮಾದಣ್ಣ ಮಾತ್ರ ಹಗ್ಗ ಕೆಳಗಿಟ್ಟು, ಏನೋ ಕೇಳಬೇಕೋ ಬೇಡವೋ ಎಂಬಂತೆ ಮುಖ ಮಾಡಿ, ತಗ್ಗಿದ ದನಿಯಲ್ಲಿ ಕೇಳಿದ: "ಆಯಮ್ಮ ಕೇಳವ್ರಲ್ಲ... ಎಂಗೈತಂತೆ ಸ್ವಾಮಿ? ಚೆಂದಾಗೈತಂತಾ?"

"ಏನು?"

"ನನ್ ಬಡ್ತ. ಮೀಸೆ ಬರಕ್ ಮುಂಚಿಂದ ಬಡೀತಿವ್ನಿ. ನಾ ಒಂದ್ ದಿನಾನೂ ಕೇಳಿಲ್ಲ."

ರಘುನಾಥನಿಗೆ ಭವ್ಯಳ ಮೊದಲ ನಗು ನೆನಪಾಯಿತು. "ಫಾರಿನ್‌ನವರೆಲ್ಲ ಇದರ ಮುಂದೆ ಮಕ್ಕಳು ಅಂದಳು," ಎಂದ.

ಮಾದಣ್ಣನ ಮುಖದ ಮೇಲೆ ಬಿಸಿಲು ಬಿದ್ದಂತೆ ಏನೋ ಹಾದುಹೋಯಿತು. "ಬರ್ತೀನಿ ನಡೀರಿ," ಎಂದು ಎದ್ದ.

ಗುಂಡ್ಲುಪೇಟೆಯ ಮನೆಯಲ್ಲಿ ಮಧ್ಯಾಹ್ನ ಉರಿಯುತ್ತಿತ್ತು. ಕರೆಂಟು ಹೋಗಿ ಫ್ಯಾನು ನಿಂತಿತ್ತು. ಮಾದಣ್ಣ ಭವ್ಯಳ ಕಟ್ಟು ಬಿಚ್ಚಿದ. ಹೊಸ ತಮಟೆಯನ್ನು ಮಂಚದ ಮೇಲಿಟ್ಟು, ಸುಲಿದ ಬೆರಳುಗಳನ್ನು ಅದರ ಮೇಲಿಟ್ಟ. ರಘುನಾಥನನ್ನು ಮುಂದಿನ ಕೋಣೆಗೆ ಕಳಿಸಿ, ಬಾಗಿಲಿನಿಂದ ತಲೆ ಹಾಕಿ ಹೇಳಿದ:

"ಮೇಣ ತುಂಬ್ಕಳಿ. ನಾ ಓದ್ ಮೇಲೆ ಬೀದಿ ಬಾಗ್ಲಿಗೆ ಅಗಣಿ ಆಕಿ. ನಾ ಒರಗ್ ನಿಂತಿರ್ತೀನಿ. ಒಳಗಿಂದ ನೀವು ಬಾಗ್ಲ ತಟ್ಬೇಕು. ತಟ್ಟುದ್ರೆ ಕೊಟ್ಟಂಗೆ. ತಟ್ನಿಲ್ಲ ಅಂದ್ರೆ ಅದು ತಿರ್ಗಾ ಒಳಕ್ ಬತ್ತದೆ. ಮನೆಯೋನೇ ಕೊಡ್ಬೇಕು, ನಾನಾಗ್ ನಾನೇ ಎತ್ಕಂಡ್ ಓಗಂಗಿಲ್ಲ."

ರಘುನಾಥ ಮೇಣ ತುಂಬಿಕೊಂಡ. ಲೋಕ ಸತ್ತಿತು. ಬಾಗಿಲ ಸಂದಿಯಿಂದ ಕಂಡದ್ದು ಇಷ್ಟೇ: ಭವ್ಯಳ ಬೆರಳು ಚರ್ಮದ ಮೇಲೆ ಹುಚ್ಚೆದ್ದು ಕುಣಿಯುತ್ತಿದೆ. ಮಾದಣ್ಣ ತಲೆಯ ಬಟ್ಟೆ ಬಿಚ್ಚಿ, ಕಿವಿ ಬಾಗಿಸಿ, ಕಣ್ಣು ಮುಚ್ಚಿ ಕೂತಿದ್ದಾನೆ. ಅವನ ಕೆನ್ನೆಯ ಮೇಲೆ ನೀರು. ತುಟಿಯ ಮೇಲೆ ನಗು. ಆಮೇಲೆ ನಗು ಉಳಿಯಿತು. ಭವ್ಯಳ ಕೈ ಮಂಚದ ಮೇಲೆ ಬಿತ್ತು. ಬಿದ್ದಲ್ಲೇ ಇತ್ತು. ಮಾದಣ್ಣನ ಬೆರಳು ಎದ್ದಿತು.

ಅವನು ತಮಟೆ ಕಂಕುಳಲ್ಲಿಟ್ಟು, ಗಂಟಲು ಹಿಡಿದುಕೊಂಡೇ ಹೊರಗೆ ನಡೆದ. ರಘುನಾಥ ಅಗಣಿ ಹಾಕಿದ.

ಕಿವಿಗೆ ಏನೂ ಇಲ್ಲ. ಅಂಗೈಗೆ ಮಾತ್ರ. ಬಾಗಿಲ ಹಲಗೆಯ ಆಚೆ ಯಾರೋ ನಿಂತಿದ್ದಾರೆ. ಹಲಗೆ ನಡುಗುತ್ತಿದೆ. ಎರಡು ಹತ್ತಿರ. ಒಂದು ದೂರ. ಹಲಗೆಯ ಸಂದಿಯಲ್ಲಿ ಬೇವಿನ ಹೊಗೆ. ಅವನು ಹಣೆಯನ್ನು ಮರಕ್ಕೆ ಒತ್ತಿದ. ತೆರೆಯಬಹುದು. ಇನ್ನೂ ತೆರೆಯಬಹುದು. ಅಗಣಿ ಸರಿಸಿ, ಮೇಣ ಕಿತ್ತು, ನನಗೇ ಕೊಡು ಎನ್ನಬಹುದು. ಆಚೆಯವನು ಕಾಯುತ್ತಿದ್ದಾನೆ. ಅವಸರ ಮಾಡುತ್ತಿಲ್ಲ. ಅವನಿಗೆ ಕಾದು ಅಭ್ಯಾಸ. ನಡುಕ ಮರದಿಂದ ಹಣೆಗೆ ಬಂತು. ಹಣೆಯಿಂದ ದವಡೆಗೆ. ರಘುನಾಥನ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ಸಣ್ಣಗೆ ತಾಗಿತು.

ಕಟ್.

ಅವನು ತಟ್ಟಿದ. ಎರಡೂ ಕೈಯಿಂದ, ಗುದ್ದಿ ಗುದ್ದಿ ತಟ್ಟಿದ. ತೊಲಗು, ತೊಲಗು ಎಂದು ಕಿರುಚಿದನೋ ಏನೋ, ಅವನಿಗೇ ಕೇಳಿಸಲಿಲ್ಲ.

ಹಲಗೆ ಶಾಂತವಾಯಿತು.

ಬಹಳ ಹೊತ್ತಿನ ಮೇಲೆ ಒಂದು ಕಿವಿಯ ಮೇಣ ತೆಗೆದ. ನಿಂತಿದ್ದ ಫ್ಯಾನು ತಿರುಗುತ್ತಿತ್ತು. ಒಳಗಿನಿಂದ ಭವ್ಯ ಕರೆದಳು. ಹರಿದ, ಒಣಗಿದ, ಆದರೆ ಅವಳದೇ ದನಿ.

"ರಘು, ನೀರು."

ಅವನು ಓಡಿದ. ಲೋಟ ಹಿಡಿದ. ಅವಳು ಗುಟುಕರಿಸಿದಳು, ಇಳಿಯಿತು. ಮತ್ತೊಂದು ಗುಟುಕು, ಇಳಿಯಿತು. ಅವಳು ಸುತ್ತ ನೋಡಿದಳು. ಮಂಚದ ತುದಿಯ ಒದ್ದೆಯನ್ನು, ಕಾಲ ಬಳಿ ಬಿದ್ದಿದ್ದ ಬಿಳಿ ತಲೆವಸ್ತ್ರವನ್ನು ನೋಡಿದಳು.

"ಯಾರೋ ಪಕ್ಕದಲ್ಲಿ ಕೂತಿದ್ದರು," ಎಂದಳು. "ಅಳ್ತಿದ್ದರು. ಯಾರದು?"

ಮದ್ದೂರಿನ ರಸ್ತೆಯ ಕಡೆಯಿಂದ, ಬಿಸಿಲಿನ ಆಳದಿಂದ, ತಮಟೆಯ ಸದ್ದು ಇನ್ನೂ ಸಣ್ಣಗೆ ಕೇಳುತ್ತಿತ್ತು. ರಘುನಾಥ ಎದ್ದು ಕಿಟಕಿ ಮುಚ್ಚಿದ. ತೆಗೆದಿದ್ದ ಮೇಣವನ್ನು ಬೆರಳಲ್ಲಿ ನಾದಿ ಮೆತ್ತಗೆ ಮಾಡಿ, ಮತ್ತೆ ಕಿವಿಗೆ ಒತ್ತಿಕೊಂಡ.

"ಯಾರೂ ಇಲ್ಲ," ಎಂದ. "ನಮ್ಮವರು ಯಾರೂ ಅಲ್ಲ."